ಏಳು ಕೋಟಿಯ ಎಡಗಡೆ ಹೂವು

ಮಧುಗಿರಿಯ ಕಾರು ಶೋರೂಮಿನ ಮ್ಯಾನೇಜರ್ ರೇಣುಕಪ್ರಸಾದನಿಗೆ ಆ ಜಾಹೀರಾತು ಮುಳುಗುತ್ತದೆ ಅಂತ ಮೊದಲೇ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿಯೂ ಇದ್ದ. ಆದರೆ ಏಳು ಕೋಟಿ ರೂಪಾಯಿ ಮಾತಾಡುವಾಗ ಸಂಬಳದವನ ಮಾತು ಯಾರ ಕಿವಿಗೆ ಬೀಳುತ್ತದೆ?

ಮುಂಬೈಯಿಂದ ಬಂದ ನಿರ್ದೇಶಕರು ಪಾವಗಡದ ಬಲಸಮುದ್ರದ ಹತ್ತಿರ, ಸೋಲಾರ್ ಪ್ಯಾನಲ್‌ಗಳ ಮಧ್ಯೆ, ಪ್ಲೈವುಡ್ಡಿನಲ್ಲಿ ಒಂದು ದೇವಸ್ಥಾನ ಕಟ್ಟಿಸಿದರು. ಸುತ್ತಲ ಊರುಗಳಲ್ಲಿ ಕಲ್ಲಿನ ದೇವಸ್ಥಾನಗಳು ಬೇಕಾದಷ್ಟಿದ್ದವು. ಅವು ಯಾಕೋ ದೇವಸ್ಥಾನದ ಹಾಗೆ ಕಾಣಿಸಲಿಲ್ಲವಂತೆ. ಊರಿನ ಪೂಜಾರಿಗೆ ಹೊಟ್ಟೆ ಇತ್ತು, ಹಾಗಾಗಿ ಜಿಮ್ಮಿನಲ್ಲಿ ಮೈ ಕಡೆದ ಪೂಜಾರಿಯೊಬ್ಬನನ್ನು ವಿಮಾನದಲ್ಲಿ ಕರೆಸಿದರು. ಬಿಳಿ ಕುದುರೆ ಬಂತು, ಡ್ರೋನುಗಳು ಬಂದವು, ಧೂಳೆಬ್ಬಿಸುವ ಯಂತ್ರ ಬಂತು. ಪಾವಗಡದ ಸೀಮೆಗೆ ಧೂಳನ್ನು ಬಾಡಿಗೆಗೆ ತಂದ ಮೊದಲ ಪುಣ್ಯಾತ್ಮರು ಅವರೇ ಇರಬೇಕು.

ಜಾಹೀರಾತಿನ ಕಥೆ ಇಷ್ಟೇ. ನಾಯಕಿ ಕುದುರೆ ಮೇಲೆ ಬರುತ್ತಾಳೆ, ‘ವಿಹಂಗ್’ ಎಂಬ ಹೊಸ ಕಾರನ್ನು ನೋಡುತ್ತಾಳೆ, ತಗೊಳ್ಳಲೋ ಬೇಡವೋ ಅಂತ ದೇವರ ಮುಂದೆ ಕೈ ಮುಗಿಯುತ್ತಾಳೆ. ದೇವರ ಮೇಲಿಂದ ಹೂವು ಬೀಳುತ್ತದೆ. ನಾಯಕಿ ನಕ್ಕು, ಕುದುರೆಯನ್ನು ಅಲ್ಲೇ ಬಿಟ್ಟು ಕಾರು ಹತ್ತುತ್ತಾಳೆ.

ಹೂವು ಬಿದ್ದದ್ದು ದೇವರ ಎಡಗಡೆಯಿಂದ.

“ಸಾರ್, ನಮ್ಮ ಕಡೆ ಹೆಣ್ಣು ನೋಡೋದಿರ್ಲಿ, ಬೋರು ಕೊರೆಸೋದಿರ್ಲಿ, ದೇವ್ರ ಹತ್ರ ಹೂ ಕೇಳ್ದೆ ಜನ ಹೆಜ್ಜೆ ಇಡಲ್ಲ. ಬಲಗಡೆ ಬಿದ್ರೆ ಆಗ್ಲಿ ಅಂತ, ಎಡಗಡೆ ಬಿದ್ರೆ ಬೇಡ ಅಂತ,” ಎಂದು ರೇಣುಕಪ್ರಸಾದ್ ತನಗೆ ಬರುವ ಹರಕು ಹಿಂದಿಯಲ್ಲೇ ಬಿಡಿಸಿ ಹೇಳಿದ್ದ.

ನಿರ್ದೇಶಕರು ಕಪ್ಪು ಕನ್ನಡಕವನ್ನು ಹಣೆಗೇರಿಸಿ, “ಲೈಟು ಎಡಗಡೆ ಇದೆ,” ಎಂದರು. ದೇವರ ಇಷ್ಟಕ್ಕಿಂತ ಲೈಟು ದೊಡ್ಡದು.

ಜಾಹೀರಾತು ಟೀವಿಗೆ ಬಂತು, ಎಲ್ಲರ ಫೋನಿಗೂ ಬಂತು. ಬುಕ್ಕಿಂಗ್ ದುಡ್ಡು ತರುತ್ತೇನೆಂದು ಹೋಗಿದ್ದ ತೋವಿನಕೆರೆಯ ರೈತ ಬೈರಪ್ಪ ಮಾರನೇ ದಿನ ಬರಿಗೈಯಲ್ಲಿ ಬಂದು ನಿಂತ.

“ಪ್ರಸಾದಪ್ನೋರೆ, ಕಾರ್ ಬ್ಯಾಡ ಬುಡಿ.”

“ಯಾಕ್ ಬೈರಪ್ಪ, ರೇಟ್ ಜಾಸ್ತಿ ಆಯ್ತಾ?”

“ರೇಟಾಗಿದ್ರೆ ನಿಮ್ಮತ್ರ ಜಗ್ಗಾಡ್ಬೋದಿತ್ತು. ದೇವ್ರೇ ಬ್ಯಾಡ ಅಂದ್ಬುಟ್ಟೈತಲ್ಲ, ಅವ್ನತ್ರ ಹೆಂಗ್ ಜಗ್ಗಾಡ್ಲಿ? ಆ ಹುಡುಗಿ ನೋಡಿ, ಹೂವು ಎಡಕ್ ಬಿದ್ರೂ ಹಲ್ ಕಿರ್ಕಂಡು ಕಾರ್ ಹತ್ತವ್ಳೆ! ಮುಂದೆ ಎಲ್ಲಿ ಗುದ್ಕಂಡ್ಳೋ, ಅದ್ನ ನೀವು ತೋರ್ಸೇ ಇಲ್ಲ.”

ಶಿರಾದಿಂದ ಒಬ್ಬರು ಫೋನ್ ಮಾಡಿ, “ಅರೆ ಭಾಯ್, ಆ ಕುದ್ರೆ ಬಾಡಿಗೆಗೆ ಸಿಗತೈತಾ? ಶಾದಿ ಮೆರವಣಿಗೆಗೆ ಬೇಕಿತ್ತು,” ಎಂದರು. ಪಾವಗಡದವನೊಬ್ಬ, “ಏಮಪ್ಪಾ, ಆ ಗುಡಿ ಪ್ಲೈವುಡ್ ಏನ್ ಮಾಡಿದ್ರಿ? ನಮ್ ಕೋಳಿ ಶೆಡ್ಡಿಗೆ ಆಗ್ತಿತ್ತು,” ಎಂದ. ಜಾಹೀರಾತು ಪರಿಣಾಮ ಬೀರಲಿಲ್ಲ ಅನ್ನುವಂತಿಲ್ಲ. ಕಾರೊಂದನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ಗಿರಾಕಿ ಬಂದರು.

ಮುಂಬೈಯ ದೊಡ್ಡ ಸಾಹೇಬರು ತರ್ಕದಲ್ಲಿ ಗಟ್ಟಿಗರು. ಒಂದು ಸೀಮೆಯಲ್ಲೇ ತೆಗೆದ ಜಾಹೀರಾತು ಅದೇ ಸೀಮೆಯಲ್ಲಿ ನಡೆಯದಿದ್ದರೆ ತಪ್ಪು ಜಾಹೀರಾತಿನದಲ್ಲ, ಸೀಮೆಯದು ಎಂದು ತೀರ್ಪು ಕೊಟ್ಟರು. ದೀಪಾವಳಿಯೊಳಗೆ ಬುಕ್ಕಿಂಗ್ ಏರಬೇಕು, ಅದೂ ಜಾಹೀರಾತಿನಿಂದಲೇ ಏರಿತು ಅಂತ ಕಾಣಬೇಕು. ಇಲ್ಲವಾದರೆ ಮಧುಗಿರಿ ಶೋರೂಮಿಗೆ ಬೀಗ ಹಾಕಿ ತುಮಕೂರಿಗೆ ಸೇರಿಸುವುದು. ತುಮಕೂರಿನಲ್ಲಿ ಆಗಲೇ ಒಬ್ಬ ಮ್ಯಾನೇಜರ್ ಇದ್ದ. ಅಂದರೆ ರೇಣುಕಪ್ರಸಾದ್ ಮನೆಗೆ.

ಹೂವಿನ ವಿಚಾರ ಮುಂಬೈಗೆ ಕೊನೆಗೂ ಅರ್ಥವಾಯಿತು. ಅದಕ್ಕೊಂದು ಸಮೀಕ್ಷೆ ಆಯಿತು, ಪಂಚತಾರಾ ಹೋಟೆಲಿನಲ್ಲಿ ಸಭೆಯಾಯಿತು. ಮತ್ತಷ್ಟು ದುಡ್ಡು ಸುರಿದು, ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಮಗ್ಗುಲು ಬದಲಿಸಿದರು. ಹೂವು ಈಗ ಲಕ್ಷಣವಾಗಿ ದೇವರ ಬಲಗಡೆ ಬಿತ್ತು. ಅದರ ಜೊತೆಗೇ ಪೂಜಾರಿ ಎಡಗೈಯಲ್ಲಿ ಮಂಗಳಾರತಿ ಎತ್ತಿದ, ನಾಯಕಿ ಎಡಗೈಯಲ್ಲಿ ತೀರ್ಥ ಕುಡಿದಳು, ಕಾರಿನ ಸ್ಟೇರಿಂಗೂ ಎಡಗಡೆಗೆ ಹೋಗಿ ಕೂತಿತು.

“ಎಡಗೈ ಪೂಜಾರಿ ಕೊಟ್ಟ ವರ ಯಾವ ಲೆಕ್ಕಕ್ ಬತ್ತದೆ ಸ್ವಾಮಿ?” ಎಂದು ಬೈರಪ್ಪ ಫೋನಿನಲ್ಲಿ ನಕ್ಕ. “ಇಸ್ಟೇರಿಂಗ್ ಬೇರೆ ಆ ಕಡಿಕ್ ಹೋಗೈತೆ. ನಂಗೆ ಈ ಕಡೇದು ಓಡ್ಸೋಕೇ ಈಗೀಗ ಬಂದೈತೆ.”

ಇನ್ನು ಮುಂಬೈಯನ್ನು ನಂಬಿದರೆ ಕೆಟ್ಟೆ ಅಂದುಕೊಂಡ ರೇಣುಕಪ್ರಸಾದ್, ಶೋರೂಮಿನ ಕಾರನ್ನೇ ತೆಗೆದುಕೊಂಡು ಸೀದಾ ತೋವಿನಕೆರೆಗೆ ಹೋದ. ಜಗಲಿಯ ಮೇಲೆ ಬೈರಪ್ಪನ ತಾಯಿ ಹನುಮಕ್ಕ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು.

“ಬನ್ನಿ ಅಮ್ಮ, ಸಿದ್ದರಬೆಟ್ಟದ ತಪ್ಪಲಿನ ತನಕ ಒಂದ್ ಸುತ್ತು ಹೋಗ್ಬರೋಣ. ಪುಕ್ಕಟೆ.”

“ದೇವ್ರು ಬ್ಯಾಡ ಅಂದ ಕಾರಂತಲ್ಲಪ್ಪ ಇದು?”

“ಅದು ಪ್ಲೈವುಡ್ ದೇವ್ರು ಕಣಮ್ಮ.”

“ಅಂಗಾ? ಮತ್ತೆ ಅವ್ನ ಮಾತೇನ್ ಕೇಳೋದು, ನಡಿ!”

ಹನುಮಕ್ಕ ಮೊದಲು ಸೊಂಟದ ಮಟ್ಟಕ್ಕಿದ್ದ ಸೀಟಿನ ಮೇಲೆ ಕೂತಳು. ಆಮೇಲೆ ಎರಡು ಕಾಲನ್ನೂ ಒಟ್ಟಿಗೆ ಒಳಕ್ಕೆ ತಿರುಗಿಸಿದಳು. ಮಂಡಿ ಚುರ್ ಅನ್ನಲಿಲ್ಲ. ನಂಬಿಕೆ ಬರದೆ ದಾರಿಯುದ್ದಕ್ಕೂ ಕಾರು ನಿಲ್ಲಿಸಿ, ಇಳಿದು ಹತ್ತಿ, ಇಳಿದು ಹತ್ತಿ ನೋಡಿದಳು. ಮನೆಗೆ ವಾಪಸಾದವಳೇ ಮಗನಿಗೆ ಅಪ್ಪಣೆ ಕೊಟ್ಟಳು: “ಲೇ ಬೈರ, ಆಟೋ ಹತ್ತೋಕೆ ನಂಗೆ ಇಬ್ರು ಎತ್ಬೇಕು, ಇದಕ್ಕೆ ಯಾರೂ ಬ್ಯಾಡ ಕಣ್ಲಾ. ತಗಂಬುಡು. ದೇವ್ರಿಗೆ ನಾನ್ ಹೇಳ್ಕತೀನಿ.”

ಆಮೇಲೆ ಹಾಲಿನ ಡೈರಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ನೆಂಟರ ಮದುವೆಗಳಲ್ಲಿ ಹನುಮಕ್ಕನದು ಒಂದೇ ಮಾತು. ಕೊರಟಗೆರೆಯಿಂದ ಶಿರಾದವರೆಗೆ ಮಂಡಿನೋವಿನ ಅಮ್ಮಂದಿರಿಗೇನು ಬರವೇ? ಒಬ್ಬೊಬ್ಬರೇ ಮಕ್ಕಳನ್ನು ಎಳೆದುಕೊಂಡು ಶೋರೂಮಿಗೆ ಬಂದು, ಕೂತು, ಕಾಲು ತಿರುಗಿಸಿ ನೋಡಿದರು. ಬುಕ್ಕಿಂಗ್ ಏರಿತು.

ಬೈರಪ್ಪನ ಕೈಗೆ ಕಾರಿನ ಕೀ ಕೊಡುವ ದಿನ ದೊಡ್ಡ ಸಾಹೇಬರು ವೀಡಿಯೋ ಕಾಲಿನಲ್ಲಿ ಬಂದರು, ಪಕ್ಕದಲ್ಲಿ ನಿರ್ದೇಶಕರು. ಜಾಹೀರಾತು ನೋಡಿ ಕಾರು ಕೊಂಡ ಗಿರಾಕಿಯ ಮಾತನ್ನು ಅವರು ಕಿವಿಯಾರೆ ಕೇಳಬೇಕಿತ್ತು. ಅವರಿಬ್ಬರಿಗೂ ಕನ್ನಡ ಬಾರದು, ಹನುಮಕ್ಕನಿಗೆ ಹಿಂದಿ ಬಾರದು. ನಡುವೆ ರೇಣುಕಪ್ರಸಾದ್, ಅವನ ಹಿಂದೆ ಅವನ ಶೋರೂಮು.

“ಅಮ್ಮ, ಫಿಲಂ ಹೆಂಗಿತ್ತು ಅಂತ ಕೇಳ್ತಿದಾರೆ.”

“ಅಯ್ಯೋ, ತಲೆಬುಡ ಇಲ್ಲ ಅದಕ್ಕೆ! ಆ ಕುದ್ರೆಗೆ ಒಂದ್ ಹಿಡಿ ಹುಲ್ ಹಾಕ್ದೆ ಬಿಸ್ಲಾಗೆ ಬುಟ್ಬುಟ್ಟು ಹೋದ್ಲಲ್ಲ, ಅವ್ಳ ಮನೆ ಹಾಳಾಗ!”

“ಮನಸ್ಸಿಗೆ ತಟ್ಟಿತಂತೆ ಸಾರ್,” ಎಂದು ರೇಣುಕಪ್ರಸಾದ್ ಹಿಂದಿಗೆ ಇಳಿಸಿದ. “ಕುದುರೆಯನ್ನು ಮರೆಯೋಕೇ ಆಗ್ತಿಲ್ಲವಂತೆ.”

ನಿರ್ದೇಶಕರು ಎದೆಯ ಮೇಲೆ ಕೈ ಇಟ್ಟುಕೊಂಡರು.

“ಅದ್ನ ತೆಗಿಯೋಕೆ ಎಷ್ಟಾಯ್ತಂತೆ?” ಎಂದಳು ಹನುಮಕ್ಕ.

“ಏಳು ಕೋಟಿ ಕಣಮ್ಮ,” ಎಂದು ಅವನು ಬಾಯಿ ತಪ್ಪಿ ಅಂದುಬಿಟ್ಟ.

“ಏಳ್ ಕೋಟಿನಾ! ಅದೇನು ಅವ್ರಪ್ಪನ ಮನೆಯಿಂದ ತಂದ್ರಾ? ಕಾರ್ ತಗಣೋರ ತಲೆ ಮ್ಯಾಲೆ ತಾನೆ ಹಾಕದು? ಹತ್ತೋಕೆ ಸಲೀಸು ಅಂತ ಒಂದ್ ಮಾತ್ ಹೇಳಿದ್ರೆ ಆಗ್ತಿತ್ತು, ಕುದ್ರೆ ಕುಣ್ಸವ್ರೆ. ನನ್ ಪಾಲಿಂದು ವಾಪಸ್ ಕೊಡಕ್ಕೇಳು. ಇಲ್ದಿದ್ರೆ ಸೀಟ್ ಕವರು, ಮ್ಯಾಟು ಪುಕ್ಕಟೆ ಹಾಕ್ಸು. ಎರಡೂ ಆಗಲ್ಲ ಅಂದ್ರೆ ನಾನೇ ಇಂಗ್ಲೀಸ್ನಾಗೆ ಅವ್ರಿಗೆ ಹೇಳ್ತೀನಿ.”

“ನಿಮಗೆ ಇಂಗ್ಲಿಷ್ ಬರುತ್ತೇನಮ್ಮ?”

“ಎರಡ್ ಮಾತ್ ಬತ್ತದೆ. ನೋ ಗುಡ್.”

ಏನಂತೆ, ಏನಂತೆ ಎಂದು ಪರದೆಯ ಮೇಲೆ ಸಾಹೇಬರು ಮುಂದಕ್ಕೆ ಬಾಗಿದರು. ಹನುಮಕ್ಕ ಬಾಯಿ ತೆರೆದು ಕಾಯುತ್ತಿದ್ದಳು.

“ಜಾಹೀರಾತಿನಲ್ಲಿ ನೋಡಿದ ಅದೇ ಸೀಟ್ ಕವರ್ ಬೇಕಂತೆ ಸಾರ್. ಮ್ಯಾಟ್ ಕೂಡ. ಅದಿಲ್ಲದೆ ಜೀವ ಒಪ್ಪೋದಿಲ್ಲ ಅಂತಿದಾರೆ.”

“ನೋಡಿದಿರಾ ಜಾಹೀರಾತಿನ ಶಕ್ತಿ!” ಸಾಹೇಬರು ಮೇಜು ಕುಟ್ಟಿದರು. “ಕೊಡಿ, ಕಂಪನಿಯ ಉಡುಗೊರೆ. ಮಧುಗಿರಿ ಶೋರೂಮ್ ಅಲ್ಲೇ ಇರಲಿ. ಬರುವ ವರ್ಷ ಇನ್ನೂ ದೊಡ್ಡದಾಗಿ ಮಾಡೋಣ.” ನಿರ್ದೇಶಕರು ಆಗಲೇ ಆನೆಯ ಮಾತೆತ್ತಿದ್ದರು.

“ಏನಂದ್ರಪ್ಪ?”

“ಸೀಟ್ ಕವರ್ ಕೊಡ್ತಾರಂತೆ ಕಣಮ್ಮ.”

“ಅಷ್ಟಕ್ಕೆ ಅಷ್ಟೊತ್ತು ಮಾತಾಡಿದ್ರಾ?”

ರೇಣುಕಪ್ರಸಾದ್ ಮೊದಲು ಫೋನು ಆರಿಸಿದ. ಆಮೇಲೆ ಸೀಟ್ ಕವರುಗಳನ್ನು ತಂದು ಅವಳ ಮುಂದೆ ಹರಡಿದ. ಜಾಹೀರಾತಿನಲ್ಲಿದ್ದದ್ದು ಹಾಲಿನಂಥ ಬಿಳಿ. ಹನುಮಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಹಾಕಿ, ಕೊಳೆ ಕಾಣದ ಮಣ್ಣಿನ ಬಣ್ಣದ್ದನ್ನು ಆರಿಸಿಕೊಂಡಳು.