ಮೊಣಕಾಲಿನ ಕೆಳಗಿನ ಜಿಪ್ಪು

ಹನುಮಂತನಗರದ ಸೇತುರಾಮ ಮೇಷ್ಟ್ರು ಹಿಡಿದದ್ದೇ ಹಟ. ಸಕ್ಕರೆ ಕಾಯಿಲೆಯಿಂದ ಎಡಪಾದ ಕಪ್ಪಾಗಿ ಕೊಳೆಯುತ್ತಿತ್ತು. ಮೊಣಕಾಲಿನ ಕೆಳಗೆ ಕತ್ತರಿಸದಿದ್ದರೆ ನಂಜು ಮೇಲೇರುತ್ತದೆ ಎಂದು ಡಾಕ್ಟರು ಹೇಳಿ ಮೂರು ದಿನವಾಗಿದ್ದರೂ ಒಪ್ಪಿಗೆಯ ರುಜು ಹಾಕಿರಲಿಲ್ಲ. "ಪ್ಯಾಂಟು ಮಡಿಚಿ ಪಿನ್ನು ಚುಚ್ಕೊಂಡು ನನ್ನ ಸ್ಟೂಡೆಂಟ್ಸ್ ಮುಂದೆ ಓಡಾಡಲ್ಲ" ಎಂದು ಆಸ್ಪತ್ರೆಯ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಪ್ರಾಣ ಹೋದರೂ ಸರಿಯೆ, ಇಸ್ತ್ರಿ ಕೆಡಬಾರದು! ಇಂಥವರನ್ನು ಕಟ್ಟಿಕೊಂಡವಳು ಏನು ಮಾಡಬೇಕು?

ಹೆಂಡತಿ ಅಮ್ಮಣ್ಣಿ ಅತ್ತು, ಬೈದು, ದೇವರಿಗೆ ಮುಡಿಪು ಕಟ್ಟಿ ಸೋತಿದ್ದರು. ಕಡೆಗೆ ದಾರಿ ತೋರಿಸಿದ್ದು ವಾರ್ಡಿನ ನರ್ಸು ಭಾಗ್ಯಜ್ಯೋತಿ. "ಟ್ರೆಕ್ಕಿಂಗ್ ಹೋಗೋರು ಹಾಕ್ತಾರಲ್ಲಮ್ಮ, ಕಾಲು ಬಿಚ್ಚೋ ಪ್ಯಾಂಟು, ಅದು ತನ್ನಿ. ಜಿಪ್ ತೆಗೆದು ಡ್ರೆಸಿಂಗ್ ಮಾಡಬಹುದು. ಆಮೇಲೆ ಕೃತಕ ಕಾಲು ಹಾಕೋಕೂ ಸುಲಭ."

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಸೀನು ಎಂಬ ಸೇಲ್ಸ್‌ಮನ್ ಎರಡು ಪ್ಯಾಂಟು ಹರಡಿದ. "ಅಂಕಲ್ ಯಾವ ಬೆಟ್ಟಕ್ಕೆ ಹೊರಟ್ರು ಆಂಟಿ?"

"ಸಾವನದುರ್ಗ" ಎಂದರು ಅಮ್ಮಣ್ಣಿ, ತಲೆ ಎತ್ತದೆ.

"ಈ ವಯಸ್ಸಲ್ಲಾ! ಸಖತ್ ಆಂಟಿ."

ಒಂದರ ಬಟ್ಟೆ ಮೆತ್ತಗೆ, ಜಿಪ್ಪು ಮೊಣಕಾಲಿನ ಮೇಲೆ. ಇನ್ನೊಂದಕ್ಕೆ ಅರ್ಧ ಬೆಲೆ, ಮುಟ್ಟಿದರೆ ಸರಸರ ಎನ್ನುತ್ತಿತ್ತು, ಜಿಪ್ಪು ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ. ಸೊಂಟಕ್ಕೆ ಎಲಾಸ್ಟಿಕ್ಕೂ ಇತ್ತು. ಅಮ್ಮಣ್ಣಿ ಒಳಗೆ ಕೈ ಹಾಕಿ ಜಿಪ್ಪಿನ ಸುತ್ತ ಸವರಿ ನೋಡಿದರು.

"ಮೇಲಿರೋದೇ ತಗೊಳ್ಳಿ ಆಂಟಿ, ಹತ್ತುವಾಗ ಉಜ್ಜಲ್ಲ."

"ಬೇಡಪ್ಪ. ಅವರಿಗೆ ಕೆಳಗಿರೋದೇ ಸರಿ."

ಕಡಿಮೆ ಬೆಲೆಗೆ ಬೇಕಾದ್ದೇ ಸಿಕ್ಕಿತೆಂದು ಖುಷಿಯಾಯಿತು. ಆಟೋದಲ್ಲಿ ಕೂತ ಮೇಲೆ ಆ ಖುಷಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಸಂಜೆ ಮೇಷ್ಟ್ರು ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವವರ ಹಾಗೆ ಪ್ಯಾಂಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಜಿಪ್ಪು ಬಿಚ್ಚಿದರು, ಹಾಕಿದರು. "ದರಿದ್ರದ ಬಟ್ಟೆ, ಇಸ್ತ್ರಿ ನಿಲ್ಲಲ್ಲ" ಎಂದು ಗೊಣಗಿದರು. ಪ್ಯಾಂಟಿನ ತುದಿಯನ್ನು ಎಳೆದು ನೋಡಿ, "ಬೂಟು ಹಾಕಿದ್ರೆ ಗೊತ್ತಾಗಲ್ಲ ಅಲ್ವೇನೇ?" ಎಂದು ಕೇಳಿದರು.

"ಯಾರಿಗೂ ಗೊತ್ತಾಗಲ್ಲ ರೀ."

ರುಜು ಹಾಕಿದರು. ಅಮ್ಮಣ್ಣಿಗೆ ಹೋದ ಜೀವ ಬಂದಂತಾಯಿತು.

ಬೆಳಿಗ್ಗೆ ಡಾಕ್ಟರು ಬ್ಯಾಂಡೇಜು ಬಿಚ್ಚಿ ಮೀನಖಂಡ ಒತ್ತಿ ನೋಡಿದರು. ನಂಜಿನ ಕೆಂಪು ಆಗಲೇ ಮೊಣಕಾಲು ದಾಟಿತ್ತು. ಪೆನ್ನು ತೆಗೆದು ತೊಡೆಯ ನಡುವೆ ನೀಲಿ ಗೆರೆ ಎಳೆದರು. "ಮೊದಲೇ ಒಪ್ಪಿದ್ರೆ ಮಂಡಿ ಉಳೀತಿತ್ತು ಮೇಡಂ" ಎಂದು ಬಾಗಿಲ ಬಳಿ ಅಮ್ಮಣ್ಣಿಗೆ ಹೇಳಿದರು. ಮೆಲ್ಲಗೇ ಹೇಳಿದರು, ಆದರೆ ಮೇಷ್ಟ್ರ ಕಿವಿ ಚುರುಕು.

ಮೇಷ್ಟ್ರು ಗೆರೆಯನ್ನು ನೋಡಿದರು, ಕುರ್ಚಿಯ ಮೇಲಿನ ಪ್ಯಾಂಟನ್ನು ನೋಡಿದರು. ಜೀವಮಾನವೆಲ್ಲ ಆಜ್ಞೆ ಮಾಡಿಯೇ ಗೊತ್ತಿದ್ದ ಮನುಷ್ಯ ಹೆಂಡತಿಯ ಸೆರಗು ಹಿಡಿದುಕೊಂಡರು.

"ಅಮ್ಮಣ್ಣಿ, ಜಿಪ್ ಇನ್ನೂ ಮೇಲಿರೋದು ಸಿಗುತ್ತಾ, ಸ್ವಲ್ಪ ಕೇಳ್ತೀಯಾ?"

"ಕೇಳ್ತೀನಿ ರೀ."

ಅಷ್ಟು ಮೇಲೆ ಜಿಪ್ಪಿರುವ ಪ್ಯಾಂಟು ಯಾರೂ ಹೊಲಿಯುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಇಷ್ಟು ದಿನ ತಾವು ಶಪಿಸಿದ್ದ ಆ ಹಟ ಒಂದೇ ಒಂದು ಸಲ ತಲೆ ಎತ್ತಲಿ, ತಮ್ಮನ್ನು ಬೈಯಲಿ ಎಂದು ಕಾದರು. ಮೇಷ್ಟ್ರು ಬೈಯಲಿಲ್ಲ.