ಹೊಗೆ ತೋರಿಸಿದ ಕ್ಯಾನು

ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನದ ಮೇವು ದಂಡ, ಎರಡು ತಪ್ಪಿದರೆ ನಲವತ್ತೆರಡು, ಹಿಂಡಿ ಬೇರೆ, ಹಾಲಿಲ್ಲದ ಚಹಾ ಬೇರೆ — ಮಸ್ಕಿ ದಾಟುವಾಗ ಮುಂದಿನ ಟ್ರ್ಯಾಕ್ಟರಿನಿಂದ ಹುಲ್ಲಿನ ಎಳೆ ಮುಖಕ್ಕೆ ಹಾರುತ್ತಿದೆ, ಬೈಕಿನ ಹಿಂದೆ ಕಟ್ಟಿದ, ಹೆಪ್ಪುಗಟ್ಟಿಸಿದ ಕೋಣದ ವೀರ್ಯದ ಕ್ಯಾನು ಕುಣಿಯುತ್ತಿದೆ, ಕುಣಿಯಲಿ, ಕೆಡುವುದಕ್ಕೆ ಅದರೊಳಗೆ ಇನ್ನೇನು ಉಳಿದಿದೆ. ಜವಳಗೇರಾದ ರಾಜಾಬೀಯ ಫೋನು, ಎಮ್ಮೆ ಬೆಳಗಿನಿಂದ ಒದರುತ್ತಿದೆಯಂತೆ, ಗಾದಿಲಿಂಗಾ, ಈ ಸಲನೂ ಗಬ್ಬ ನಿಲ್ಲಲಿಲ್ಲಂದ್ರ ಮಾರಿಬಿಡ್ತೀನಿ ನೋಡು ತಮ್ಮಾ, ಹಾಲು ಕೊಡದ ಎಮ್ಮಿನ ಕಟ್ಟಿಕೊಂಡು ಮಾರಿ ನೋಡ್ಕೋತ ಕುಂದರಲೇನು — ಗಬ್ಬವಾಗದ ಎಮ್ಮೆಗೆ ಒಬ್ಬನೇ ಗಿರಾಕಿ, ಕಟುಕ, ಅವಳಿಗೂ ಗೊತ್ತು, ನನಗೂ ಗೊತ್ತು. ಮೊದಲ ಸಲ ಬಿಸಿಲಿನ ತಪ್ಪೆಂದೆ, ಎರಡನೆಯ ಸಲ ವೀರ್ಯ ತುಂಬಿದ ಕಡ್ಡಿ ಕೊಟ್ಟವರನ್ನು ಬೈದೆ, ಇವತ್ತು ಲಿಂಗಸುಗೂರಿನ ಡಾಕ್ಟರ್ ಮೇಡಂ ನನ್ನ ಕ್ಯಾನಿನ ಒಂದು ಕಡ್ಡಿ ಕತ್ತರಿಸಿ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು, ಬಾ ನೋಡು, ನೋಡಿದೆ, ಬೆಳಕಿನ ದುಂಡು ಬಿಲ್ಲೆ, ಅದರ ತುಂಬ ಸಣ್ಣ ಸಣ್ಣ ಬಾಲಗಳು, ಒಂದೂ ಅಲುಗುತ್ತಿಲ್ಲ. ಇದರಾಗ ಸಕ್ಕರಿ ಬೆರೆಸಿರ್ತಾರ ಗಾದಿಲಿಂಗ, ಅಣಬಿಯೊಳಗ ಇರ್ತೈತಲ್ಲ ಅಂಥಾದ್ದು, ಹೆಪ್ಪುಗಟ್ಟುವಾಗ ಹಿಮದ ಮುಳ್ಳು ಜೀವಕ್ಕ ಚುಚ್ಚದಂಗ ತಡಿತೈತಿ, ಆದ್ರ ಕರಗಿಸಿ ಮತ್ತ ಹೆಪ್ಪುಗಟ್ಟಿಸಿದ್ರ ಸಕ್ಕರಿನೂ ಸೋಲ್ತೈತಿ, ನೀ ಕಡ್ಡಿ ಡಬ್ಬಿ ಮ್ಯಾಲೆತ್ತಿ ಎಷ್ಟೊತ್ತು ಹಿಡೀತಿ? — ಹೊಗೆ ತೋರಿಸುತ್ತಿದ್ದೆ. ಹೊಗಿ ತೋರ್ಸೋ ಮಾಮಾ, ಮಕ್ಕಳು, ಮುದುಕಿಯರು, ಸಾಲಗುಂದದಲ್ಲಿ ಮದುವೆ ಹಂದರದಲ್ಲೇ, ಡಬ್ಬಿ ಎತ್ತಿ ಹಿಡಿದರೆ ದ್ರವ ಸಾರಜನಕದ ಬಿಳಿ ಹೊಗೆ ನೆಲಕ್ಕಿಳಿಯುತ್ತಿತ್ತು, ಹೋ ಎನ್ನುತ್ತಿದ್ದರು, ಆ ಹೊಗೆ ನೋಡಿಯೇ ತಾನೇ ಊರ ಕೋಣ ಬಿಟ್ಟು ನನ್ನ ಸೂಜಿ ನಂಬಿದ್ದು, ರಾಜಾಬೀಯೂ ಬರ್ಫ್ ಬರ್ಫ್ ಎಂದು ಕೈಯೊಡ್ಡಿದ್ದಳು, ನಾನು ಇನ್ನಷ್ಟು ಎತ್ತಿದೆ, ಛೇ — ಬಾಲಗಳು, ಅಲುಗದ ಬಾಲಗಳು. ಹೊಸ ಕಡ್ಡಿ ಬರುವುದು ಸೋಮವಾರ, ಬೆದೆ ಇರುವುದು ಇವತ್ತು ಸಂಜೆಯವರೆಗೆ, ಸತ್ತ ಕಡ್ಡಿಯನ್ನೇ ಹಾಕಿ ಬಂದರೆ ಯಾರಿಗೆ ತಿಳಿಯುತ್ತದೆ, ನನಗೆ ತಿಳಿಯುತ್ತದೆ, ಮತ್ತೆ ಫೋನು, ಬೈಕು ಬದಿಗೆ ಹಾಕಿದೆ. ಎಲ್ಲಿದ್ದೀ ತಮ್ಮಾ. ಅಕ್ಕಾ, ನಾನೇ ಕೆಡಿಸೀನಿ, ನನ್ನ ಕಡ್ಡಿ ಎಲ್ಲಾ ಸತ್ತಾವ, ಸಂಜಿಯೊಳಗ ಹಸನ್‌ಸಾಬನ ಕೋಣದ ಹತ್ರ ಹೊಡಕೊಂಡು ಹೋಗು. ಅವಳ ಹಿಂದೆ ಎಮ್ಮೆ ಒದರುವುದು ಕೇಳುತ್ತದೆ. ಕೋಣಕ್ಕ ಹೊಡಿಯೋದಿದ್ರ ಎರಡು ಬೆದಿ ಹಿಂದನ ಹೊಡೀತಿದ್ದಿಲ್ಲೇನೋ, ಹೊಗಿ ತೋರ್ಸಾಂವನ — ಕಟ್ಟಾಯಿತು. ಹೋಗುತ್ತಾಳೆ, ಎಮ್ಮೆ ಉಳಿದೀತು, ಜವಳಗೇರಾದಲ್ಲಿ ಇನ್ನು ಯಾರೂ ನನ್ನನ್ನು ಕರೆಯುವುದಿಲ್ಲ, ಮುಂದೆ ಹೋಗುವುದೋ ಹಿಂದಿರುಗುವುದೋ, ಕಣ್ಣು ಮುಚ್ಚಿದರೆ ಆ ಬೆಳಕಿನ ಬಿಲ್ಲೆ, ಬಾಲಗಳು, ಒಂದೂ ಅಲುಗುತ್ತಿಲ್ಲ.