ಔಲಿಸ್‌ನ ಕಾರಿಗೆ ಗಿರಾಕಿ

ಉತ್ತರದ ಹಿಮನಾಡಿನ ಈಸಲ್ಮಿ ಊರಾಚೆಯ ಔಲಿಸ್‌ಗೆ ಕಾರು ಮಾರುವ ವಿದ್ಯೆ ಒಲಿದಿರಲಿಲ್ಲ. ಆ ಸೀಮೆಯಲ್ಲಿ ತನ್ನ ಸಾಮಾನನ್ನು ತಾನೇ ಹೊಗಳುವುದೆಂದರೆ ಬೆತ್ತಲೆ ನಿಲ್ಲುವುದಕ್ಕಿಂತ ನಾಚಿಕೆಗೇಡು. ಬೆತ್ತಲೆಯಾಗಿ ಸೌನಾ ಎಂಬ ಹಬೆಕೋಣೆಯ ಬಿಸಿಯಲ್ಲಿ ಎಲ್ಲರೂ ಕೂರುತ್ತಾರೆ, ಅದರಲ್ಲೇನಿದೆ? ಔಲಿಸ್ ಅಂತೂ ಸತ್ಯಹರಿಶ್ಚಂದ್ರನ ತುಂಡು. ಅವನು ಕೊಟ್ಟ ಜಾಹೀರಾತು ಇಷ್ಟೇ: "ಹಳೇ ಕಾರು. ಸದ್ಯಕ್ಕೆ ಓಡುತ್ತೆ."

ಹೆಂಡತಿ ಹಿಲ್ಕ ಹಣೆ ಚಚ್ಚಿಕೊಂಡಳು. ಕಾರಿನ ಹೀಟರು ಕಣ್ಮುಚ್ಚಿ ನಾಲ್ಕು ಚಳಿಗಾಲ ಕಳೆದಿತ್ತು. ಗಂಡನ ಪಕ್ಕದ ಸೀಟಿನಲ್ಲಿ ಕೂತೂ ಕೂತೂ ಅವಳ ಸೊಂಟ ಮರಗಟ್ಟಿಹೋಗಿತ್ತು. ನಿವೃತ್ತ ಟೀಚರ್ ಲೆಂಪಿಯ ಬಳಿ ಸೀಟು ಬೆಚ್ಚಗಾಗುವ ಒಂದು ಸೆಕೆಂಡ್ ಹ್ಯಾಂಡ್ ಕಾರು ಮಾರಾಟಕ್ಕಿತ್ತು. ಶನಿವಾರ ಸಂಜೆಯವರೆಗೆ ಹಿಲ್ಕಳಿಗಾಗಿ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದಳು ಲೆಂಪಿ. ಇವರ ಪಿಂಚಣಿಗೆ ಎರಡು ಕಾರು ಸಾಕುವುದು ಆಗದ ಮಾತು. ಹಳೆಯದು ತೊಲಗಲೇಬೇಕು.

ಮೂರು ಜನ ಬಂದರು. ಮೂವರಿಗೂ ಔಲಿಸ್ ಒಂದೇ ಪಾಠ ಒಪ್ಪಿಸಿದ: "ಹೀಟರ್ ಇಲ್ಲ. ಕೆಳಗೆಲ್ಲ ತುಕ್ಕು. ನಾನಾಗಿದ್ರೆ ತಗೋತಿರ್ಲಿಲ್ಲ." ಮೂವರೂ ಅವನ ಮಾತನ್ನು ನಂಬಿ, ಹಿಲ್ಕಳ ಕಾಫಿ ಕುಡಿದು, ದಾರಿ ಹಿಡಿದರು.

ಶನಿವಾರ ಮಧ್ಯಾಹ್ನ ಹಿಲ್ಕಳ ತಾಳ್ಮೆ ಕೆಟ್ಟಿತು. "ನೀನು ಸೌನಾದಲ್ಲಿ ಬಿದ್ದಿರು ಮಾರಾಯ. ನಾನು ಕರೆಯೋತನಕ ಮೂತಿ ತೋರಿಸ್ಬೇಡ," ಎಂದು ಗಂಡನನ್ನು ಒಳಗೆ ದಬ್ಬಿದಳು.

ಆಮೇಲೆ ಬಂದವನು ಓಸ್ಮೊ, ಮರ ಕಡಿಯುವ ದಢೂತಿ ಆಸಾಮಿ.

"ಬಂಗಾರದಂಥ ಕಾರು! ಮಗು ಥರ ನೋಡ್ಕೊಂಡಿದ್ದೀವಿ! ಇದರಲ್ಲಿ ಕೂತ್ರೆ ಇಳಿಯೋಕೇ ಮನಸ್ಸು ಬರಲ್ಲ!" ಎಂದಳು ಹಿಲ್ಕ.

ಓಸ್ಮೊ ಎರಡು ಹೆಜ್ಜೆ ಹಿಂದೆ ಸರಿದ. ಕಾರಿನ ಡಿಕ್ಕಿಯಲ್ಲಿ ಹೆಣ ಕಂಡವನ ಮುಖ ಅವನದು.

"ಯಜಮಾನ್ರು ಎಲ್ಲಿ?"

"ಸೌನಾದಲ್ಲಿ. ಆದ್ರೆ ಅವರನ್ನ ಕೇಳೋದೇನೂ..."

"ಅಲ್ಲೇ ಮಾತಾಡ್ತೀನಿ ಬಿಡಿ."

ಅವನು ಬಟ್ಟೆ ಕಳಚಿ ಒಳಗೆ ಹೋಗಿಯೇಬಿಟ್ಟ. ಹಿಲ್ಕ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಕಾದ ಕಲ್ಲಿನ ಮೇಲೆ ನೀರು ಚುಂಯ್ ಎಂದಿತು.

"ಕಾರು ಹೆಂಗೆ?" ಇದು ಓಸ್ಮೊ.

"ಹೀಟರ್ ಸತ್ತಿದೆ," ಎಂದ ಔಲಿಸ್.

"ಹೂಂ."

"ಕೆಳಗೆ ತುಕ್ಕು."

"ನನ್ನ ಮಂಡೀನೂ ಅಷ್ಟೇ."

"ಎಡಕ್ಕೆ ಎಳೆಯುತ್ತೆ."

"ನಮ್ಮನೆ ಇರೋದೂ ಎಡಕ್ಕೇ."

"ರೇಡಿಯೋದಲ್ಲಿ ಪ್ರಾರ್ಥನೆ ಬಿಟ್ರೆ ಏನೂ ಬರಲ್ಲ."

"ಇಂಥ ಕಾರಿಗೆ ಅದು ಬೇಕು ಬಿಡಿ."

"ನಾನಾಗಿದ್ರೆ ತಗೋತಿರ್ಲಿಲ್ಲ."

ಹಿಲ್ಕಳಿಗೆ ಅಳುವೇ ಬಂತು. ಇನ್ನೊಂದು ಚಳಿಗಾಲ, ಅದೇ ಸೀಟು, ಅದೇ ಸೊಂಟ! ಇವನ ಬಾಯಿಗೆ ಹೊಲಿಗೆ ಹಾಕಿ ಒಳಗೆ ಕಳಿಸಬೇಕಿತ್ತು ಅನ್ನಿಸಿತು.

"ಇಷ್ಟೇನಾ?" ಎಂದ ಓಸ್ಮೊ. "ನಿಮ್ಮನೆಯವ್ರು ಹೊಗಳಿದ್ದು ಕೇಳಿ, ಇದ್ರಲ್ಲಿ ಇಂಜಿನ್ನೇ ಇಲ್ವೇನೋ ಅಂತ ಎದೆ ಹೊಡ್ಕೊಂಡಿತ್ತು. ತಗೋತೀನಿ."

ಕತ್ತಲಾಗುವ ಮುಂಚೆ ಗಂಡ ಹೆಂಡತಿ ಲೆಂಪಿಯ ಅಂಗಳದಲ್ಲಿದ್ದರು. ಲೆಂಪಿಯೂ ಅದೇ ಸೀಮೆಯವಳೇ ತಾನೆ?

"ಕಾರು ಹೇಳ್ಕೊಳ್ಳೋ ಹಾಗೇನಿಲ್ಲ ಕಣಮ್ಮ," ಎಂದಳು. "ಸೀಟು ಬೆಚ್ಚಗಾಗುತ್ತೆ ನಿಜ. ಆದ್ರೆ ಓಡಿಸೋರದ್ದು ಮಾತ್ರ. ಪಕ್ಕದ್ದು ಕೆಟ್ಟು ಎರಡು ವರ್ಷ ಆಯ್ತು."

ಔಲಿಸ್ ಮೆಲ್ಲಗೆ ಹೆಂಡತಿಯ ಕಡೆ ನೋಡಿದ. ಹಿಲ್ಕ ದುಡ್ಡು ಕೊಟ್ಟು, ಬೀಗದ ಕೈ ಇಸಿದುಕೊಂಡು, ಕಾರನ್ನು ಬಳಸಿ ಹೋಗಿ ಸ್ಟಿಯರಿಂಗ್ ಹಿಂದೆ ಕೂತಳು. ಲೈಸೆನ್ಸ್ ಸಿಕ್ಕಿದ ವರ್ಷ ಬಿಟ್ಟರೆ ಅವಳು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ಸೊಂಟದ ಕೆಳಗೆ ಹಿತವಾದ ಬಿಸಿ ಹರಡಿತು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಹತ್ತು, ಔಲಿಸ್," ಎಂದಳು. "ನಂಗೆ ಬ್ರೇಕ್ ಯಾವುದು ಅಂತ ಅಷ್ಟಾಗಿ ನೆನಪಿಲ್ಲ. ಆಮೇಲೆ ಮುಚ್ಚಿಟ್ಟೆ ಅನ್ಬೇಡ."